ಅಜ್ಜನ ಟ್ರಂಕಿನ ಅಲ್ಪಾಕ ಕೋಟು, ತಂಗಿ ಮಗಳು ತಂದ ಅಲ್ಪಾಕ ನೂಲು: ಎರಡೂ ಒಂದೇ ಪ್ರಾಣಿಯದ್ದಾ?

ನಾಪೋಕ್ಲು ಹೆಣಿಗೆ · ಭಾನುವಾರ, ಬೆಳಗ್ಗೆ 10:15

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟು ನಾಲ್ಕು ದಿನ ಒಳ್ಳೆ ಬಿಸಿಲು ಬಂತಲ್ಲ, ನಿನ್ನೆ ಟ್ರಂಕುಗಳನ್ನೆಲ್ಲ ಅಂಗಳಕ್ಕೆ ತಂದು ಬಟ್ಟೆ ಬಿಸಿಲಿಗೆ ಹಾಕಿದೆವು. ಕಕ್ಕಡದ ಮಳೆಗೆ ಬೂಷ್ಟು ಹಿಡಿಯದ ಬಟ್ಟೆ ನಮ್ಮ ಮನೆಯಲ್ಲಿಲ್ಲ. ಅಜ್ಜನ ಟ್ರಂಕಿನಲ್ಲಿ ಮೇಲೆ ಕೊಡವ ಉಡುಪಿನ ಕುಪ್ಯ, ಚೇಲೆ, ಎಲ್ಲಕ್ಕಿಂತ ಅಡಿಯಲ್ಲಿ ಒಂದು ಕಪ್ಪು ಕೋಟು. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ ಅಜ್ಜ ಮಡಿಕೇರಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಅವ್ವ ಕೋಟಿನ ತೋಳು ಮುಟ್ಟಿದ ಕೂಡಲೇ "ಅಪ್ಪನ ಅಲ್ಪಾಕ ಕೋಟು" ಅಂದರು. ಅಷ್ಟು ವರ್ಷದ ಮೇಲೂ ಬಟ್ಟೆಗೆ ಹೊಳಪು ಹಾಗೇ ಇದೆ. ಕಾಲರಿನ ಹತ್ತಿರ ನುಸಿ ತಿಂದ ಎರಡು ತೂತು ಬಿಟ್ಟರೆ ಬೇರೇನೂ ಆಗಿಲ್ಲ.

ಕೇಳಬೇಕು ಅನ್ನಿಸಿದ್ದು ಯಾಕೆಂದರೆ, ಕಳೆದ ತಿಂಗಳು ನನ್ನ ತಂಗಿ ಮಗಳು ಪೆರು ದೇಶಕ್ಕೆ ಹೋಗಿ ಬಂದವಳು ನನಗೆ ಅಂತ 100 ಗ್ರಾಮಿನ ಎರಡು ಲಡಿ ನೂಲು ತಂದಿದ್ದಾಳೆ. ಚೀಟಿಯಲ್ಲಿ "ಬೇಬಿ ಅಲ್ಪಾಕ" ಅಂತ ಇದೆ. ಕೆನ್ನೆಗೆ ಇಟ್ಟುಕೊಂಡರೆ ಮೊಲದ ಮರಿಯನ್ನು ಇಟ್ಟುಕೊಂಡ ಹಾಗೆ. ಅಜ್ಜನ ಕೋಟು ಮಾತ್ರ ತೆಳ್ಳಗೆ, ಸ್ವಲ್ಪ ಬಿರುಸು, ಕೈ ಜಾರುವಷ್ಟು ನುಣುಪು. ಎರಡೂ ಒಂದೇ ಪ್ರಾಣಿಯದ್ದಾಗಲು ಹೇಗೆ ಸಾಧ್ಯ? ಆ ಪ್ರಾಣಿ ಎಂಥದ್ದು? ಇನ್ನೊಂದು ಮಾತು, "ಬೇಬಿ" ಅಂದರೆ ಮರಿಗಳನ್ನು ಕೊಂದು ತೆಗೆದದ್ದಾ? ಹಾಗಿದ್ದರೆ ನಾನು ಆ ನೂಲಿಗೆ ಕಡ್ಡಿ ಹಾಕುವುದಿಲ್ಲ. ತಿಳಿದವರು ಬಿಡಿಸಿ ಹೇಳಿ.

ನೂಲಿನೆಳೆ · ಭಾನುವಾರ, ಮಧ್ಯಾಹ್ನ 12:40

ಅಕ್ಕಾ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೇ ಉತ್ತರ: ಇಲ್ಲ, ಮರಿ ಕೊಲ್ಲುವುದಿಲ್ಲ. "ಬೇಬಿ ಅಲ್ಪಾಕ" ಅನ್ನುವುದು ನಾರಿನ ನಯದ ಹೆಸರು, ವಯಸ್ಸಿನದ್ದಲ್ಲ. ಎಳೆಯ ದಪ್ಪ ಸರಾಸರಿ 23 ಮೈಕ್ರಾನ್ ಒಳಗಿದ್ದರೆ ಅದಕ್ಕೆ ಬೇಬಿ ಅನ್ನುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಹೆಚ್ಚುಕಡಿಮೆ 70 ಮೈಕ್ರಾನ್ ಅಂದರೆ ಇದರ ನಯ ಎಷ್ಟು ಅಂತ ಅಂದಾಜು ಸಿಗುತ್ತದೆ. ಎಂಟು ವರ್ಷದ ಪ್ರಾಣಿಯ ಬೆನ್ನಿನ ಮೇಲೂ ಬೇಬಿ ದರ್ಜೆಯ ನಾರು ಸಿಗಬಹುದು. ಮರಿಯ ಮೊದಲ ಕತ್ತರಿಕೆ ಸಾಮಾನ್ಯವಾಗಿ ಅತಿ ನಯವಾಗಿರುತ್ತದೆ, ಹೆಸರು ಅಲ್ಲಿಂದ ಹುಟ್ಟಿದ್ದು. ಕತ್ತರಿಸಿದ ಮೇಲೆ ಮರಿ ತಾಯಿಯ ಹಿಂದೆ ಓಡಿ ಹೋಗುತ್ತದೆ. ನೀವು ಧೈರ್ಯವಾಗಿ ಕಡ್ಡಿ ಹಾಕಿ.

ನಾನು ಸುಂಟಿಕೊಪ್ಪದವಳು. ಜವಳಿ ಓದಿ, ನೂಲು ಖರೀದಿ ಕೆಲಸಕ್ಕೆ ಅಂತ ಪೆರುವಿನ ಅರೆಕಿಪಾ ಊರಿನಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಈ ಪ್ರಾಣಿಯ ವಿಷಯ ಯಾರಾದರೂ ಕೇಳಿದರೆ ನನಗೆ ಚಿಕ್ಕದಾಗಿ ಹೇಳಿ ಮುಗಿಸಲು ಬರುವುದಿಲ್ಲ.

ಅಲ್ಪಾಕ ಒಂಟೆಯ ಬಳಗದ್ದು. ಡುಬ್ಬ ಇಲ್ಲ. ಭುಜದ ಎತ್ತರ ಮೂರಡಿ ಆಸುಪಾಸು, ತೂಕ ಸುಮಾರು 50ರಿಂದ 80 ಕಿಲೋ. ಉದ್ದ ಕುತ್ತಿಗೆ, ಈಟಿ ತುದಿಯಂಥ ಕಿವಿ, ನಡುವೆ ಸೀಳಿದ ಮೇಲ್ದುಟಿ. ಕಾಲಿಗೆ ದನದ ಹಾಗೆ ಗೊರಸಿಲ್ಲ, ಎರಡು ಬೆರಳು, ಅಡಿಯಲ್ಲಿ ಮೆತ್ತನೆ ಗದ್ದಿಗೆ, ತುದಿಯಲ್ಲಿ ಉಗುರು. ಅದಕ್ಕೇ ಅದು ನಡೆದ ಹುಲ್ಲುನೆಲ ದನ ತುಳಿದ ಹಾಗೆ ಕಿತ್ತು ಹೋಗುವುದಿಲ್ಲ. ಆಂಡಿಸ್ ಪರ್ವತದ ಮೇಲೆ 3500 ಮೀಟರಿನಿಂದ 5000 ಮೀಟರ್ ಎತ್ತರದಲ್ಲಿ ಅದರ ಬದುಕು. ನಮ್ಮ ತಡಿಯಂಡಮೋಳ್ 1748 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ತಡಿಯಂಡಮೋಳ್ ಇಟ್ಟರೂ ಪೆರುವಿನ ಪುನೋ ಊರಿನ ಎತ್ತರ ಮುಟ್ಟುವುದಿಲ್ಲ, ಪುನೋ ಇರುವುದು ಸುಮಾರು 3800 ಮೀಟರಿನಲ್ಲಿ. ನಾನು ಮೊದಲ ದಿನ ಅಲ್ಲಿ ಬಸ್ಸಿನಿಂದ ಇಳಿದು ಇಪ್ಪತ್ತು ಹೆಜ್ಜೆ ನಡೆದು ಗೋಡೆ ಹಿಡಿದು ನಿಂತೆ. ಅಲ್ಪಾಕದ ರಕ್ತಕಣ ಗುಂಡಗಿರುವುದಿಲ್ಲ, ಮೊಟ್ಟೆಯಾಕಾರ. ಅದರ ಹೀಮೊಗ್ಲೋಬಿನ್ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಬಲವಾಗಿ ಹಿಡಿದುಕೊಳ್ಳುತ್ತದೆ.

ಇದು ಕಾಡುಪ್ರಾಣಿ ಅಲ್ಲ. ಆರೇಳು ಸಾವಿರ ವರ್ಷದ ಹಿಂದೆ ಅಲ್ಲಿಯ ಜನ ವಿಕೂನ್ಯಾ ಅನ್ನುವ ಚಿಕ್ಕ ಕಾಡುಪ್ರಾಣಿಯನ್ನು ಪಳಗಿಸಿ ತಲೆಮಾರಿಗೆ ತಲೆಮಾರು ಆರಿಸಿ ಬೆಳೆಸಿದ್ದು. ಲಾಮಾ ಅನ್ನುವುದು ಬೇರೆ. ಅದು ದೊಡ್ಡದು, ಹೊರೆ ಹೊರಲು ಸಾಕಿದ್ದು, ಗುವನಾಕೊ ಎಂಬ ಇನ್ನೊಂದು ಕಾಡುಪ್ರಾಣಿಯಿಂದ ಬಂದದ್ದು. ಅಲ್ಪಾಕ ಮುಖ್ಯವಾಗಿ ಉಣ್ಣೆಗೆ. ಅದರಲ್ಲೂ ಎರಡು ಬಗೆ. ಹತ್ತರಲ್ಲಿ ಒಂಬತ್ತು ವಕಾಯ, ಮೈಯೆಲ್ಲ ಹತ್ತಿ ಉಂಡೆಯ ಹಾಗೆ ಉಬ್ಬಿರುತ್ತದೆ, ಎಳೆಯಲ್ಲಿ ಸಣ್ಣ ಸಣ್ಣ ಅಲೆ. ಇನ್ನೊಂದು ಸೂರಿ. ಅದರ ಕೂದಲು ಎರಡೂ ಕಡೆ ಜಡೆ ಜಡೆಯಾಗಿ ಇಳಿಬಿದ್ದು ರೇಷ್ಮೆಯ ಹಾಗೆ ಹೊಳೆಯುತ್ತದೆ. ನಿಮ್ಮ ನೂಲು ಮೊಲದ ಮರಿಯ ಹಾಗಿದೆ ಅಂದಿರಲ್ಲ, ಖಂಡಿತ ವಕಾಯ.

ಶನಿವಾರಸಂತೆ ಕಂಬಳಿ · ಭಾನುವಾರ, ಸಂಜೆ 4:05

ತಂಗೀ, ಚೆನ್ನಾಗಿ ಬರೆದಿದ್ದೀಯ. ನಮ್ಮ ತಂದೆ ಬಯಲುಸೀಮೆಯಿಂದ ಚಳ್ಳಕೆರೆ ಕಂಬಳಿ ತರಿಸಿ ಸಂತೆಯಲ್ಲಿ ಮಾರುತ್ತಿದ್ದವರು. ಆಗ ನಾಟಿ ಗದ್ದೆಗೆ ಇಳಿಯುವವರು ಗೊರಬು ಇಲ್ಲದಿದ್ದರೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಮಳೆ ಎಷ್ಟು ಹೊಯ್ದರೂ ಒಳಗೆ ಬೆಚ್ಚಗೆ. ಆ ಕಂಬಳಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡುತ್ತಿದ್ದರು. ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡರೆ ಕುತ್ತಿಗೆ ಚುಚ್ಚಿ ಕೆಂಪಗಾಗುತ್ತಿತ್ತು. ಇದು ಯಾಕೆ ಚುಚ್ಚುವುದಿಲ್ಲ? ಇದರಲ್ಲಿ ಕುರಿ ಉಣ್ಣೆಯ ಜಿಡ್ಡು ಇರುತ್ತದಾ? ಮಳೆಗೆ ತಡೆಯುತ್ತದಾ?

ನೂಲಿನೆಳೆ · ಭಾನುವಾರ, ಸಂಜೆ 5:30

ಅಣ್ಣಾ, ಕಂಬಳಿ ಕಂಡವರು ಕೇಳುವ ಪ್ರಶ್ನೆ ಇದು.

ಮೈಗೆ ಚುಚ್ಚುವುದು ಹೆಚ್ಚಾಗಿ ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್ ದಾಟಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ನಮ್ಮ ದಖನಿ ಕುರಿಯ ಉಣ್ಣೆಯಲ್ಲಿ ಅಂಥ ಎಳೆ ಬಹಳ. ಇನ್ನೊಂದು, ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯ ಹಾಗೆ ಪದರ ಇರುತ್ತದೆ. ಕುರಿಯದ್ದರಲ್ಲಿ ಆ ಪದರದ ಅಂಚು ಎದ್ದಿರುತ್ತದೆ, ಅಲ್ಪಾಕದ್ದರಲ್ಲಿ ಹೆಚ್ಚು ಮಟ್ಟಸ. ಅದಕ್ಕೇ ಕೈಗೆ ನುಣುಪು. ಹಾಗಂತ ಎಲ್ಲ ಅಲ್ಪಾಕವೂ ಮೆತ್ತಗಲ್ಲ. ವಯಸ್ಸಾದ ಪ್ರಾಣಿಯ ಕಾಲು, ಎದೆಯ ಕೂದಲು ಕಂಬಳಿಯಷ್ಟೇ ಚುಚ್ಚುತ್ತದೆ. ಅದು ಜಮಖಾನೆಗೆ, ಹಗ್ಗಕ್ಕೆ ಹೋಗುತ್ತದೆ.

ಜಿಡ್ಡು ಬಹಳ ಕಡಿಮೆ. ಕಾಫಿಯವರ ಮಾತಿನಲ್ಲಿ ಹೇಳುವುದಾದರೆ ಅಲ್ಪಾಕದ ಔಟ್‌ಟರ್ನ್, ಅಂದರೆ ಶುದ್ಧ ಮಾಡಿದ ಮೇಲೆ ಉಳಿಯುವ ಪಾಲು, ಒಳ್ಳೆಯದು. ಮೆರಿನೊ ಕುರಿಯ ಉಣ್ಣೆ ತೊಳೆದರೆ ಜಿಡ್ಡು, ಬೆವರು, ಮಣ್ಣು ಹೋಗಿ ಮೂರನೇ ಒಂದು ಪಾಲು ತೂಕ ಕಳೆದುಕೊಳ್ಳುವುದು ಮಾಮೂಲು. ಅಲ್ಪಾಕದಲ್ಲಿ ಹೋಗುವುದು ಹೆಚ್ಚಾಗಿ ಧೂಳು. ಆದರೆ ಜಿಡ್ಡಿಲ್ಲ ಅಂದರೆ ಮಳೆಗೆ ಅದು ನಮ್ಮ ಕಂಬಳಿಯ ಹಾಗೆ ನಿಲ್ಲುವುದೂ ಇಲ್ಲ. ಕೊಪ್ಪೆಗೆ ಕಂಬಳಿಯೇ ಸರಿ ಅಣ್ಣಾ, ಅದರ ಜಾಗ ಇದು ತುಂಬುವುದಿಲ್ಲ.

ಬೆಚ್ಚಗಿರುವ ಗುಟ್ಟು ಎಳೆಯ ಒಳಗಿದೆ. ಅನೇಕ ಎಳೆಗಳ ನಡುವೆ ತಿರುಳು ಟೊಳ್ಳು, ಆ ಟೊಳ್ಳಿನಲ್ಲಿ ಗಾಳಿ. ಹಾಗಾಗಿ ಬಟ್ಟೆ ಹಗುರ, ಬಿಸಿ ಹೊರಗೆ ಹೋಗುವುದು ನಿಧಾನ.

ವಿಂಗಡಿಸುವ ಕೆಲಸ ನನಗೆ ಮರೆಯಲು ಆಗುವುದಿಲ್ಲ. ಅರೆಕಿಪಾದ ಗೋದಾಮಿನಲ್ಲಿ ಹೆಂಗಸರು ಮೇಜಿನ ಮುಂದೆ ನಿಂತು ಒಂದೊಂದು ಉಣ್ಣೆ ಹೊದಿಕೆಯನ್ನು ಹರಡಿ ಬೆರಳಿನಿಂದಲೇ ಬೇರೆ ಮಾಡುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಹಿಡಿದು ಒಮ್ಮೆ ತಿಕ್ಕುತ್ತಾರೆ, ಕಣ್ಣು ಬೇರೆಲ್ಲೋ ಇರುತ್ತದೆ, ಕೈ ಬುಟ್ಟಿಗೆ ಹಾಕಿಯಾಗಿರುತ್ತದೆ. ಇಲ್ಲಿ ಬೇಬಿ, ಅಲ್ಲಿ ಸೂಪರ್‌ಫೈನ್, ಆಚೆ ಒರಟು. ಒಬ್ಬ ಹಿರಿಯಾಕೆ ವಿಂಗಡಿಸಿದ ಚಿಟಿಕೆಗಳನ್ನು ನಾನು ಯಂತ್ರಕ್ಕೆ ಕೊಟ್ಟು ಅಳೆಸಿದೆ, ಬೇಬಿ ಬುಟ್ಟಿಯದ್ದು 23 ಮೈಕ್ರಾನ್ ದಾಟಲಿಲ್ಲ. ಅವರಿಗೆ ಅಲ್ಲಿ "ಮಾಯೆಸ್ತ್ರಾ" ಅನ್ನುತ್ತಾರೆ, ಗುರು ಅಂತ ಅರ್ಥ. ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕೂತು ಕರಿ ಬೀಜ, ಒಡಕು ಬೀಜ ಹೆಕ್ಕುತ್ತಿದ್ದ ಹೆಂಗಸರನ್ನು ನೋಡಿ ಬೆಳೆದವಳು ನಾನು. ಅವರಿಗೆ ಗುರು ಅಂತ ಯಾರೂ ಕರೆಯಲಿಲ್ಲ, ಅದು ನನಗೆ ಅಲ್ಲಿ ನಿಂತಾಗ ನೋವಾಯಿತು.

ಬೆಟ್ಟದ ಹಾದಿ · ಭಾನುವಾರ, ರಾತ್ರಿ 8:50

ಕೋಟಿನ ಕಥೆಗೆ ನಾನು ಬರುತ್ತೇನೆ, ಇತಿಹಾಸ ಪಾಠ ಮಾಡುವವನು.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಮಿಲ್ಲುಗಳ ಊರು. ಅಲ್ಲಿಯ ಟೈಟಸ್ ಸಾಲ್ಟ್ ಎಂಬ ಮಿಲ್ ಮಾಲೀಕ 1836ರ ಸುಮಾರಿಗೆ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಯಾರೂ ಕೇಳದೆ ಬಿದ್ದಿದ್ದ ಅಲ್ಪಾಕ ಮೂಟೆಗಳನ್ನು ಕೊಂಡ. ಅಲ್ಪಾಕವೊಂದನ್ನೇ ನೇಯುವ ಬದಲು ಬಟ್ಟೆಯ ಉದ್ದಕ್ಕೆ ಹೋಗುವ ಹಾಸು ಎಳೆಗೆ ಹತ್ತಿ, ಅಡ್ಡಕ್ಕೆ ಬರುವ ಹೊಕ್ಕು ಎಳೆಗೆ ಅಲ್ಪಾಕ ಹಾಕಿದ. ಹತ್ತಿ ಎಳೆ ಸಣ್ಣದು, ಬಲವಾದದ್ದು. ನೇಯುವಾಗ ಅದು ಬಿಗಿಯಾಗಿ ನಿಂತು ಅಲ್ಪಾಕ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗೆ ಬಂತು ಆ ಹೊಳಪು. ರೇಷ್ಮೆ ಕೊಳ್ಳಲು ಆಗದವರಿಗೂ ರೇಷ್ಮೆಯ ಮಿಂಚು. ಅದರ ಲಾಭದಿಂದ ಆತ ಸಾಲ್ಟೇರ್ ಎಂಬ ಊರನ್ನೇ ಕಟ್ಟಿದ. ಅಲ್ಲಿಯ ಮಿಲ್ಲು ಶುರುವಾದದ್ದು 1853ರಲ್ಲಿ. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಬಟ್ಟೆ ತೆಳು, ಹಗುರ, ಧೂಳು ಬೇಗ ಕೂರುವುದಿಲ್ಲ. ಹಾಗಾಗಿ ಸೆಖೆಯ ದೇಶಗಳಿಗೆ ಕಪ್ಪು ಕೋಟಿಗೆ ಹೇಳಿ ಮಾಡಿಸಿದ್ದು. ನಮ್ಮ ವಕೀಲರು, ಮೇಷ್ಟ್ರುಗಳು, ಗುಮಾಸ್ತರು ಅಲ್ಪಾಕ ಕೋಟು ಹಾಕಿದ್ದು ಹೀಗೆ. ನೂಲು ಮತ್ತು ಕೋಟು ಬೇರೆ ಬೇರೆ ಅನ್ನಿಸಿದ್ದಕ್ಕೆ ಕಾರಣ ಪ್ರಾಣಿ ಅಲ್ಲ, ನೇಯ್ಗೆ. ಹೆಣಿಗೆ ನೂಲನ್ನು ಸಡಿಲವಾಗಿ ಹೊಸೆದು ಗಾಳಿ ಉಳಿಸುತ್ತಾರೆ. ಕೋಟಿನ ನೂಲನ್ನು ಉದ್ದ ಎಳೆಗಳನ್ನು ಬಾಚಿ ಸಾಲಾಗಿ ಮಲಗಿಸಿ ಬಿಗಿಯಾಗಿ ಹೊಸೆದಿರುತ್ತಾರೆ.

ಅಕ್ಕಾ, ಒಂದು ಎಚ್ಚರ. ಆಮೇಲಿನ ಕಾಲದಲ್ಲಿ ಅದೇ ಹೊಳಪಿನ ಬೇರೆ ಬಟ್ಟೆಗಳಿಗೂ ಅಂಗಡಿಯವರು ಅಲ್ಪಾಕ ಅಂತಲೇ ಹೇಳಿ ಮಾರಿದ್ದಿದೆ. ಒಳಹೊಲಿಗೆಯಿಂದ ಹಾಸಿನದ್ದೊಂದು, ಹೊಕ್ಕಿನದ್ದೊಂದು ಎಳೆ ತೆಗೆದು ಸುಟ್ಟು ನೋಡಿ.

ಕಾಡುಮೆಣಸು · ಭಾನುವಾರ, ರಾತ್ರಿ 9:35

ಒಳ್ಳೆ ಸಮಯಕ್ಕೆ ಈ ಚರ್ಚೆ ಸಿಕ್ಕಿತು. ಗಾಳಿಬೀಡಿನಲ್ಲಿ ನಮ್ಮ ಹೋಂಸ್ಟೇ ಇದೆ. ಬರುವ ಮಕ್ಕಳು ಪ್ರಾಣಿ ಕೇಳುತ್ತಾರೆ. ನಾಲ್ಕು ಅಲ್ಪಾಕ ತರಿಸಿ ತೋಟದ ಅಂಚಿನ ಬಾಣೆಯಲ್ಲಿ ಬಿಡಬೇಕು, ಉಣ್ಣೆಯೂ ಸಿಗುತ್ತದೆ ಅಂತ ಮನೆಯಲ್ಲಿ ಮಾತಾಡುತ್ತಿದ್ದೇವೆ. ನಮ್ಮದು ತಂಪು ಜಾಗ, ಜನವರಿಯಲ್ಲಿ ಬೆಳಗ್ಗೆ ಕೈ ಮರಗಟ್ಟುತ್ತದೆ. ಹುಲ್ಲಿಗೆ ಕೊರತೆ ಇಲ್ಲ. ಸಾಕಿ ಗೊತ್ತಿರುವವರು ಸಲಹೆ ಕೊಡಿ. ನಾನು ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳುವವನು, ದುಡ್ಡಿಗಾಗಿ ಮಾತ್ರ ಕೇಳುತ್ತಿಲ್ಲ.

ಹಳೇ ಪಶುವೈದ್ಯ · ಸೋಮವಾರ, ಬೆಳಗ್ಗೆ 6:20

ಮಗಾ, ನಿನ್ನ ಪ್ರೀತಿಯ ಮೇಲೆ ನನಗೆ ಅನುಮಾನ ಇಲ್ಲ. ಆದರೆ ತರಬೇಡ. ಸೇವೆಯಲ್ಲಿದ್ದಾಗ ಹೊರಗಿನ ತಳಿಯ ಎಷ್ಟೋ ಪ್ರಾಣಿಗಳು ನಮ್ಮ ಮಳೆಗೆ ಸೋತು ಬಿದ್ದದ್ದನ್ನು ಕೈಯಲ್ಲಿ ಹಿಡಿದು ನೋಡಿದವನು ನಾನು, ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಬರೆಯುತ್ತಿದ್ದೇನೆ.

ಚಳಿ ಅಲ್ಪಾಕಕ್ಕೆ ಏನೂ ಅಲ್ಲ, ನೀರು ಹೆಪ್ಪುಗಟ್ಟುವ ರಾತ್ರಿಯನ್ನೂ ಹೊರಗೇ ಕಳೆಯುತ್ತದೆ. ಕೊಲ್ಲುವುದು ತೇವ ಸೇರಿದ ಬಿಸಿ. ಪುನೋ ಕಡೆ ವರ್ಷಪೂರ್ತಿ ಬೀಳುವ ಮಳೆ 30 ಇಂಚು ಆಸುಪಾಸು. ನಿನ್ನ ಗಾಳಿಬೀಡಿನ ಮಳೆ ಲೆಕ್ಕದ ಪುಸ್ತಕ ತೆಗೆದು ನೋಡು, ಅಷ್ಟು ಜುಲೈಯ ಹದಿನೈದು ದಿನಕ್ಕೆ ಬಂದ ವರ್ಷಗಳು ಸಿಗುತ್ತವೆ. ಅಲ್ಲಿ ಒಣ ಗಾಳಿ, ಸುಡುವ ಬಿಸಿಲು. ಇಲ್ಲಿ ಮೂರು ತಿಂಗಳು ಸೂರ್ಯನ ಮುಖ ಕಾಣುವುದಿಲ್ಲ. ಆ ಬಿಸಿಲಿಗೆ ಹುಟ್ಟಿದ ಪ್ರಾಣಿಗೆ ಬಿಸಿಲಿಲ್ಲದಿದ್ದರೆ ವಿಟಮಿನ್ ಡಿ ಕೊರತೆಯಾಗಿ ಮರಿಗಳ ಮೂಳೆ ಸೊಟ್ಟಗಾಗುತ್ತದೆ.

ಅದು ಮೈಯ ಬಿಸಿಯನ್ನು ಬಿಡುವುದು ಹೆಚ್ಚಾಗಿ ಹೊಟ್ಟೆಯ ಅಡಿ, ತೊಡೆಯ ಸಂದು, ಅಲ್ಲಿ ಕೂದಲು ತೆಳು. ಸೆಖೆಗೆ ತಣ್ಣಗೆ ಮಾಡಬೇಕಾದರೆ ಹೊಟ್ಟೆ, ಕಾಲಿಗೆ ನೀರು ಬಿಡಬೇಕು, ಬೆನ್ನಿಗಲ್ಲ. ಬೆನ್ನಿನ ಉಣ್ಣೆ ನೆನೆದರೆ ಒದ್ದೆ ಹೊದಿಕೆಯೊಳಗೆ ಸಿಕ್ಕಿದ ಹಾಗೆ ಬಿಸಿ ಒಳಗೇ ನಿಲ್ಲುತ್ತದೆ. ನಮ್ಮ ಏಪ್ರಿಲ್ ಸೆಖೆ, ಅದರ ಮೇಲೊಂದು ಹೂಮಳೆ ಬಿದ್ದರೆ ಅದಕ್ಕೆ ಬದುಕು ಕಷ್ಟ. ಜೂನ್ ಬಂದರೆ ಮೈ ಒಣಗುವುದೇ ಇಲ್ಲ, ಚರ್ಮ ಕೊಳೆಯಲು ಶುರು.

ಬಾಣೆಯಲ್ಲಿ ಬಿಡುತ್ತೇನೆ ಅಂದೆಯಲ್ಲ. ಬಾಣೆಯ ಕೆಳಗೆ ಗದ್ದೆ ಇದ್ದರೆ ಅಲ್ಲಿಯ ನೀರು ಬಸವನಹುಳುವಿನಿಂದ ಪಿತ್ತಜನಕಾಂಗದ ಹುಳು ಬರುತ್ತದೆ. ದನ ಹೇಗೋ ಸ್ವಲ್ಪ ತಡೆದುಕೊಳ್ಳುತ್ತದೆ, ಅಲ್ಪಾಕ ಅಷ್ಟು ತಡೆಯುವುದಿಲ್ಲ. ತೋಟದ ಅಂಚಿನ ಲಂಟಾನ, ಗೇಟಿನ ಹತ್ತಿರದ ಕಣಗಿಲೆ, ಎರಡೂ ಅದಕ್ಕೆ ವಿಷ. ಕಾಲುಬಾಯಿ ಜ್ವರವೂ ತಗಲಬಹುದು. ಹೊರದೇಶದಿಂದ ಜೀವಂತ ಜಾನುವಾರು ತರಲು 1898ರ ಜಾನುವಾರು ಆಮದು ಕಾಯ್ದೆಯ ಅಡಿಯಲ್ಲಿ ಪರವಾನಗಿ, ರೋಗ ಪರೀಕ್ಷೆ, ಬೇರೆ ಕಟ್ಟಿ ಇಡುವ ಅವಧಿ ಎಲ್ಲ ಇದೆ. ಅದನ್ನು ದಾಟಿದೆ ಅಂತಲೇ ಇಟ್ಟುಕೊಳ್ಳೋಣ, ರಾತ್ರಿ ಎರಡು ಗಂಟೆಗೆ ಅದು ಹೊಟ್ಟೆ ನೋವಿಂದ ಬಿದ್ದರೆ ಗಾಳಿಬೀಡಿಗೆ ಓಡಿ ಬರುವ ವೈದ್ಯ ಅಲ್ಪಾಕದ ಮೂರು ಕೋಣೆಯ ಹೊಟ್ಟೆಯನ್ನು ಎಂದಾದರೂ ತೆರೆದು ನೋಡಿರುತ್ತಾನಾ? ನಾನು ನೋಡಿಲ್ಲ. ಓದಿದ್ದೇನೆ ಅಷ್ಟೆ.

ಕಾಡುಮೆಣಸು · ಸೋಮವಾರ, ಬೆಳಗ್ಗೆ 8:10

ಡಾಕ್ಟ್ರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊಟ್ಟಿಗೆ ಕಟ್ಟಿ ಒಳಗೇ ಒಣಗಿದ ಜಾಗದಲ್ಲಿ ಮಳೆಗಾಲ ಕಳೆಸಿದರೆ? ಅಥವಾ ಒಂದೇ ಒಂದು ತಂದರೆ, ಮನೆಯವರ ಜೊತೆಗೇ ಬೆಳೆದರೆ?

ಹಳೇ ಪಶುವೈದ್ಯ · ಸೋಮವಾರ, ಬೆಳಗ್ಗೆ 9:00

ಒಂದೇ ಒಂದು ಅಂತೂ ಬೇಡವೇ ಬೇಡ. ಅದು ಹಿಂಡಿನ ಪ್ರಾಣಿ, ಜೊತೆ ಇಲ್ಲದಿದ್ದರೆ ಮೇವು ಬಿಟ್ಟು ಕೊರಗುತ್ತದೆ. ಗಂಡುಮರಿಯನ್ನು ಬಾಟಲಿ ಹಾಲು ಕೊಟ್ಟು ಮನುಷ್ಯರ ನಡುವೆ ಬೆಳೆಸಿದರೆ ಇನ್ನೂ ಅಪಾಯ. ದೊಡ್ಡದಾದ ಮೇಲೆ ಅದು ಮನುಷ್ಯರನ್ನೇ ಇನ್ನೊಂದು ಗಂಡು ಅಲ್ಪಾಕ ಅಂದುಕೊಂಡು ಮೇಲೆ ಬೀಳುತ್ತದೆ, ಕಚ್ಚುತ್ತದೆ. ಗಂಡಿಗೆ ಕಾದಾಟದ ಕೋರೆಹಲ್ಲು ಇರುತ್ತದೆ. ಅದನ್ನು ಮಕ್ಕಳ ನಡುವೆ ಬಿಡುತ್ತೀಯಾ? ಇನ್ನು ಮೂರು ತಿಂಗಳು ಕೊಟ್ಟಿಗೆಯಲ್ಲಿ ಕೂಡಿ ಹಾಕುವುದು, ಬಯಲಿನಲ್ಲಿ ಮೈಲಿಗಟ್ಟಲೆ ಮೇಯುವ ಪ್ರಾಣಿಗೆ ಮಾಡುವ ಉಪಕಾರ ಅಲ್ಲ.

ಮಕ್ಕಳಿಗೆ ಪ್ರಾಣಿ ಬೇಕಾದರೆ ನಾಲ್ಕು ಮಲೆನಾಡು ಗಿಡ್ಡ ಕಟ್ಟು. ಈ ಮಳೆಗೇ ಹುಟ್ಟಿದ ತಳಿ. ಕರು ಮಕ್ಕಳ ಕೈ ನೆಕ್ಕುತ್ತದೆ. ನಿನಗೆ ಬೇಕಾದರೆ ಒಳ್ಳೆ ಹಸು ಆರಿಸಿ ಕೊಡಲು ನಾನೇ ಬರುತ್ತೇನೆ.

ನೂಲಿನೆಳೆ · ಸೋಮವಾರ, ಬೆಳಗ್ಗೆ 9:45

ಡಾಕ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ಅಲ್ಲಿ ಅದು ಬದುಕುವ ರೀತಿ ನೋಡಿದವರಿಗೆ ಇಲ್ಲಿ ತಂದು ಕಟ್ಟುವ ಮನಸ್ಸು ಬರುವುದಿಲ್ಲ. ಹಿಂಡು ಹಿಂಡಾಗಿ ಮೇಯುತ್ತಾ ಒಂದಕ್ಕೊಂದು "ಮ್‌ಮ್" ಅಂತ ಸಣ್ಣಗೆ ಗುನುಗುತ್ತಿರುತ್ತವೆ. ಹಿಕ್ಕೆ ಹಾಕಲು ಹಿಂಡಿಗೆಲ್ಲ ಗೊತ್ತಾದ ಜಾಗಗಳಿರುತ್ತವೆ, ಸರತಿ ಹಿಡಿದ ಹಾಗೆ ಅಲ್ಲೇ ಹೋಗುತ್ತವೆ. ಮರ ಇಲ್ಲದ ಆ ಎತ್ತರದಲ್ಲಿ ಒಣಗಿದ ಹಿಕ್ಕೆಯೇ ಒಲೆಗೆ ಸೌದೆ. ಬಸುರಿ ಹನ್ನೊಂದು ತಿಂಗಳಿಗೂ ಮೇಲೆ, ಒಂದೇ ಮರಿ, ಅವಳಿ ಬಹಳ ಅಪರೂಪ. ಹೆಚ್ಚಿನವು ಹಗಲು ಹೊತ್ತಿನಲ್ಲೇ ಈಯುತ್ತವೆ, ಯಾಕೆಂದರೆ ಸಂಜೆಯೊಳಗೆ ಮರಿಯ ಮೈ ಒಣಗದಿದ್ದರೆ ಅಲ್ಲಿಯ ರಾತ್ರಿಗೆ ಉಳಿಯುವುದಿಲ್ಲ. ಆ ಮರಿಗೆ ಅವರು "ಕ್ರಿಯಾ" ಅನ್ನುತ್ತಾರೆ.

ವರ್ಷಕ್ಕೊಮ್ಮೆ ಕತ್ತರಿಕೆ. ಕಾಲು ಮುಂದೆ ಹಿಂದೆ ಹಗ್ಗದಿಂದ ಎಳೆದು ಮಲಗಿಸಿ, ತಲೆ ಹಿಡಿದುಕೊಳ್ಳಲು ಒಬ್ಬರು, ಕತ್ತರಿಸಲು ಒಬ್ಬರು. ಕೆಲವು ಕಿರುಚುತ್ತವೆ, ಕೆಲವು ಉಗುಳುತ್ತವೆ. ಹೊಟ್ಟೆಯೊಳಗಿಂದ ಬರುವ ಹಸಿರು ಉಗುಳು ಅದು, ನನ್ನ ಜಾಕೆಟ್ಟಿನಿಂದ ವಾಸನೆ ಹೋಗಲು ಮೂರು ಸಲ ತೊಳೆಯಬೇಕಾಯಿತು. ಕತ್ತರಿಸದೆ ಬಿಟ್ಟರೆ ಉಣ್ಣೆ ಬೆಳೆಯುತ್ತಲೇ ಹೋಗಿ ಪ್ರಾಣಿಗೇ ಭಾರ. ಒಂದು ಪ್ರಾಣಿಗೆ ಎರಡು ಕಿಲೋ, ಕೆಲವಕ್ಕೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಬೆನ್ನು, ಪಕ್ಕೆಯದ್ದು ಮೊದಲ ದರ್ಜೆ, ಕುತ್ತಿಗೆಯದ್ದು ಎರಡನೆಯದು, ಕಾಲು ಹೊಟ್ಟೆಯದ್ದು ಕೊನೆಗೆ.

ಸಾಕುವವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯ ಕುಟುಂಬಗಳು. ದರ್ಜೆ ನೋಡದೆ ಒಟ್ಟು ತೂಕಕ್ಕೆ ದಲ್ಲಾಳಿಗೆ ಮಾರುವುದು ಈಗಲೂ ಇದೆ. ನಯವಾದ ಉಣ್ಣೆ ಬೆಳೆದವನಿಗೂ ಒರಟು ಬೆಳೆದವನಿಗೂ ಒಂದೇ ರೇಟು ಅಂದರೆ ಯಾರು ತಳಿ ಆರಿಸುತ್ತಾರೆ? ಹಣ್ಣಾದ ಕಾಫಿ ಮಾತ್ರ ಕೊಯ್ಯಿಸಿದವನಿಗೂ ಹಸಿರು ಕಾಯಿ ಸೇರಿಸಿ ಉದುರಿಸಿದವನಿಗೂ ಏಜೆಂಟ್ ಒಂದೇ ಬೆಲೆ ಹೇಳಿದ ಹಾಗೆ. ಬಣ್ಣದ ಕಥೆಯೂ ಹೀಗೇ. ಪೆರುವಿನಲ್ಲಿ ಬಿಳಿ, ಕೆನೆ, ಕಂದು, ಬೂದಿ, ಕಪ್ಪು ಎಲ್ಲ ಸೇರಿ 22 ಸಹಜ ಬಣ್ಣ ಗುರುತಿಸುತ್ತಾರೆ. ಆದರೆ ಬಿಳಿಗೆ ಯಾವ ಬಣ್ಣ ಬೇಕಾದರೂ ಕೊಡಬಹುದು ಅಂತ ಮಿಲ್ಲುಗಳು ಬಿಳಿಗೇ ಹೆಚ್ಚು ಕೊಟ್ಟವು. ಹಾಗಾಗಿ ಹಿಂಡುಗಳೆಲ್ಲ ಬಿಳಿಯಾಗುತ್ತಾ ಬಂದವು.

ದಕ್ಷಿಣ ಪೆರುವಿನ ಎಲ್ ಯಾರಾಲ್ ಎಂಬಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಬಲಿ ಕೊಟ್ಟು ಹೂಳಿದ ಅಲ್ಪಾಕಗಳು ಮರುಭೂಮಿಯ ಒಣ ಮಣ್ಣಿನಲ್ಲಿ ಹಾಗೇ ಒಣಗಿ ಉಳಿದಿದ್ದವು. ಅವುಗಳ ಉಣ್ಣೆ ಪರೀಕ್ಷಿಸಿದಾಗ ಇವತ್ತಿನದ್ದಕ್ಕಿಂತ ನಯ, ಒಂದೇ ಸಮ. 1532ರಲ್ಲಿ ಸ್ಪೇನಿನವರು ಬಂದ ಮೇಲೆ ಹಿಂಡುಗಳು ನಾಶವಾಗಿ, ಉಳಿದವು ಲಾಮಾ ಜೊತೆ ಬೆರೆತು, ತಳಿ ನೋಡಿಕೊಳ್ಳುತ್ತಿದ್ದವರೂ ಇಲ್ಲವಾದರು. ಅಷ್ಟು ತಲೆಮಾರು ಕೂಡಿಟ್ಟ ಜ್ಞಾನ ಹಾಗೆ ಹೋಯಿತು ಅಂತ ಓದಿದಾಗ ನನಗೆ ಆ ದಿನ ಊಟ ಸೇರಲಿಲ್ಲ.

ಕುಶಾಲನಗರ ಶಾಲು · ಸೋಮವಾರ, ಮಧ್ಯಾಹ್ನ 1:15

ಸುಡುವ ಪರೀಕ್ಷೆ ಅಂದ ಕೂಡಲೇ ನನ್ನದು ನೆನಪಾಯಿತು. ಕಳೆದ ವರ್ಷ ಪ್ರವಾಸ ಹೋದಾಗ ಒಂದು ಅಂಗಡಿಯಲ್ಲಿ "ಶುದ್ಧ ಅಲ್ಪಾಕ" ಅಂತ ಹೇಳಿದ ಶಾಲನ್ನು ಅಮ್ಮನಿಗೆ ತಂದಿದ್ದೆ. ಮೆತ್ತಗಿತ್ತು, ನಂಬಿದೆ. ಒಂದು ಸಂಜೆ ದೀಪ ಹಚ್ಚುವಾಗ ಅಂಚು ಬತ್ತಿಗೆ ತಾಗಿ ಚಟ್ಟನೆ ಕರಗಿ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಗುಂಡಾಯಿತು. ಅಮ್ಮನ ಬೆರಳಿಗೆ ಅಂಟಿ ಬೊಬ್ಬೆ ಎದ್ದಿತು. ಅಕ್ರಿಲಿಕ್ ಅದು. ದುಡ್ಡಿಗಿಂತ ಅಮ್ಮನಿಗೆ ಸುಟ್ಟಿತಲ್ಲ ಅಂತ ಸಂಕಟ. ಕೊಳ್ಳುವ ಮೊದಲು ಗುರುತು ಹಿಡಿಯುವುದು ಹೇಗೆ ಅಂತ ಯಾರಾದರೂ ಹೇಳಿ.

ನೂಲಿನೆಳೆ · ಸೋಮವಾರ, ಮಧ್ಯಾಹ್ನ 2:30

ಅಮ್ಮನ ಕೈ ಈಗ ಹೇಗಿದೆ? ಅಂಗಡಿಯಲ್ಲಿ ಸುಡಲು ಬಿಡುವುದಿಲ್ಲ, ಆದ್ದರಿಂದ ಕೈಗೆ ಕೆಲಸ ಕೊಡಿ. ನಿಜವಾದ ಅಲ್ಪಾಕ ಮುಟ್ಟಿದಾಗ ಮೊದಲು ತಣ್ಣಗೆ, ಕೈಯೊಳಗೆ ಅರ್ಧ ನಿಮಿಷ ಹಿಡಿದರೆ ಬೆಚ್ಚಗೆ. ಎತ್ತಿ ಹಿಡಿದರೆ ಶಾಲು ತನ್ನ ತೂಕಕ್ಕೆ ನೇರ ಇಳಿಬೀಳುತ್ತದೆ. ಅಕ್ರಿಲಿಕ್ ಉಬ್ಬಿಕೊಂಡೇ ಇರುತ್ತದೆ, ತಿಕ್ಕಿದರೆ ಚಟಚಟ ಅಂದು ಕೂದಲು ಎಳೆಯುತ್ತದೆ. ಬೆಲೆ ತೀರಾ ಕಡಿಮೆ ಇದ್ದರೆ ಅದೇ ಉತ್ತರ. ಚೀಟಿಯಲ್ಲಿ ನಾರಿನ ಶೇಕಡಾ ಲೆಕ್ಕ ಇಲ್ಲದ್ದನ್ನು ಕೊಳ್ಳಬೇಡಿ.

ನಾಪೋಕ್ಲು ಹೆಣಿಗೆ · ಸೋಮವಾರ, ಸಂಜೆ 6:50

ಸುಟ್ಟು ನೋಡಿದೆ, ಅವ್ವನನ್ನು ಕೂರಿಸಿಕೊಂಡೇ.

ಕೋಟಿನ ಒಳಮಡಿಕೆಯ ಹೊಲಿಗೆ ಒಂದಿಂಚು ಬಿಚ್ಚಿ ಸೂಜಿಯಿಂದ ಎಳೆ ಬಿಡಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರೆ ಎರಡೂ ಬೇರೆ ಬೇರೆ ಅಂತ ಆಗಲೇ ಗೊತ್ತಾಯಿತು. ಉದ್ದಕ್ಕೆ ಹೋದದ್ದು ಸಣ್ಣಗೆ, ಮಂಕು. ಅಡ್ಡಕ್ಕೆ ಬಂದದ್ದು ಸ್ವಲ್ಪ ದಪ್ಪ, ಕಿಟಕಿಯ ಬೆಳಕಿಗೆ ತಿರುಗಿಸಿದರೆ ಜೇಡರ ಬಲೆಯ ಹಾಗೆ ಮಿನುಗುತ್ತದೆ. ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿದೆ. ಸಣ್ಣದ್ದು ಕಾಗದದ ಹಾಗೆ ಬರ್‌ರನೆ ಉರಿದು ತುದಿಯಲ್ಲಿ ಕೆಂಡ ನಿಂತು ಬೂದಿಯಾಯಿತು. ಹೊಳೆಯುವುದು ಉರಿಯಲಿಲ್ಲ, ಚುರುಚುರು ಅಂತ ಸುರುಟಿಕೊಂಡು ಹಿಂದಕ್ಕೆ ಸರಿಯಿತು. ವಾಸನೆ ತಲೆಗೂದಲು ಸುಟ್ಟದ್ದೇ. ತುದಿಯ ಕರಿ ಮಣಿ ಬೆರಳಲ್ಲಿ ಒತ್ತಿದರೆ ಪುಡಿ.

ಅವ್ವ ಆ ವಾಸನೆಗೆ ಮೂಗು ಮುಚ್ಚಿಕೊಂಡು ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಜ್ಜ ಕೋರ್ಟಿನಿಂದ ಬಂದ ಮೇಲೆ ಕೋಟನ್ನು ಕೊಡವಿ ಮೊಳೆಗೆ ಹಾಕುವ ಶಬ್ದ ಕೇಳಿದರೆ ಮಕ್ಕಳೆಲ್ಲ ಪುಸ್ತಕ ಹಿಡಿದು ಕೂರುತ್ತಿದ್ದರಂತೆ.

ನೂಲಿನೆಳೆ · ಸೋಮವಾರ, ರಾತ್ರಿ 7:40

ಅಕ್ಕಾ, ಇದಕ್ಕಿಂತ ಚೆನ್ನಾಗಿ ಪ್ರಯೋಗಶಾಲೆಯಲ್ಲೂ ಬರೆಯುವುದಿಲ್ಲ. ಹಾಸು ಹತ್ತಿ, ಹೊಕ್ಕು ಪ್ರಾಣಿಯ ನಾರು. ಒಂದು ಮಾತು ಮಾತ್ರ ಸೇರಿಸಬೇಕು: ಸುಟ್ಟರೆ ಪ್ರಾಣಿಯ ಕೂದಲು ಅಂತ ಗೊತ್ತಾಗುತ್ತದೆ, ಅಲ್ಪಾಕವೇ ಅಂತ ಹೇಳಲು ಸೂಕ್ಷ್ಮದರ್ಶಕ ಬೇಕು. ಅಂಗೋರಾ ಮೇಕೆಯ ಮೊಹೇರ್ ಕೂಡ ಇದೇ ಹೊಳಪು, ಇದೇ ವಾಸನೆ. ಒಂದೆರಡು ಎಳೆ ಕಾಗದದಲ್ಲಿ ಸುತ್ತಿ ಇಟ್ಟಿರಿ, ಮುಂದಿನ ತಿಂಗಳು ನಾನು ಮೈಸೂರಿಗೆ ಹೋಗುವಾಗ ತೋರಿಸಿಕೊಂಡು ಬರುತ್ತೇನೆ.

ಕೋಟನ್ನು ಮತ್ತೆ ಟ್ರಂಕಿನ ಅಡಿಗೆ ಹಾಕಬೇಡಿ. ನುಸಿಗೆ ಕುರಿ ಉಣ್ಣೆಯೂ ಅಲ್ಪಾಕವೂ ಒಂದೇ, ಬೆವರು ಕಲೆ ಇರುವ ಕಾಲರಿನಿಂದಲೇ ತಿನ್ನಲು ಶುರು ಮಾಡುತ್ತದೆ. ಮೆತ್ತನೆ ಬ್ರಶ್ಶಿನಲ್ಲಿ ಮಡಿಕೆಗಳನ್ನು ಉಜ್ಜಿ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಗಾಳಿಯಾಡುವ ಮೇಲಿನ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಡಿಸಿ ನೋಡಿ.

ಬೆಟ್ಟದ ಹಾದಿ · ಸೋಮವಾರ, ರಾತ್ರಿ 8:30

ಇದು ವಿಷಯಕ್ಕೆ ಸ್ವಲ್ಪ ಪಕ್ಕದ್ದು, ಆದರೆ ಹೇಳದೆ ಇರಲಾರೆ. ಚಾರ್ಲ್ಸ್ ಲೆಜರ್ ಎಂಬ ಇಂಗ್ಲಿಷ್ ವ್ಯಾಪಾರಿ 1858ರಲ್ಲಿ ದಕ್ಷಿಣ ಅಮೆರಿಕದಿಂದ ಅಲ್ಪಾಕಗಳ ಹಿಂಡನ್ನು ಆಸ್ಟ್ರೇಲಿಯಾಕ್ಕೆ ಕೊಂಡೊಯ್ದ. ಆ ಪ್ರಯತ್ನ ಬೇರೂರಲಿಲ್ಲ. ಅದೇ ಮನುಷ್ಯ ಆಮೇಲೆ ಮಾನುವೆಲ್ ಇಂಕ್ರಾ ಮಮಾನಿ ಎಂಬ ಅಲ್ಲಿಯ ಮೂಲನಿವಾಸಿಯ ನೆರವಿನಿಂದ ಸಿಂಕೋನಾ ಬೀಜ ಸಂಗ್ರಹಿಸಿ 1865ರಲ್ಲಿ ಡಚ್ಚರಿಗೆ ಮಾರಿದ. ಜಾವಾದಲ್ಲಿ ಆ ಬೀಜದಿಂದ ಬೆಳೆದ ಮರದ ತೊಗಟೆಯಲ್ಲಿ ಕ್ವಿನೈನ್ ಬಹಳ ಹೆಚ್ಚು. ಕೊಡಗಿನ ಎಷ್ಟು ಮನೆಗಳಲ್ಲಿ ಚಳಿಜ್ವರಕ್ಕೆ ಆ ಕಹಿ ಮಾತ್ರೆ ನುಂಗಿಸಿಲ್ಲ? ಆ ಬೀಜ ಆರಿಸಿ ತಂದ ಮಮಾನಿಯನ್ನು ಅಲ್ಲಿಯ ಅಧಿಕಾರಿಗಳು ಹಿಡಿದು ಸೆರೆಯಲ್ಲಿಟ್ಟು ಹೊಡೆದರು, ಅವನು ಅದರಿಂದಲೇ ಸತ್ತ. ಮರದ ಶಾಸ್ತ್ರೀಯ ಹೆಸರು ಉಳಿದದ್ದು ಲೆಜರನದ್ದು. ಪಾಠ ಮಾಡುವಾಗ ನಾನು ಮಮಾನಿಯ ಹೆಸರನ್ನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆಸುತ್ತೇನೆ.

ಕಾಡುಮೆಣಸು · ಮಂಗಳವಾರ, ಬೆಳಗ್ಗೆ 7:30

ಮನೆಯಲ್ಲಿ ಮಾತಾಡಿದೆ. ಅಲ್ಪಾಕ ಬೇಡ ಅಂತ ತೀರ್ಮಾನ. ಡಾಕ್ಟ್ರೇ, ಭಾನುವಾರ ನಿಮಗೆ ಪುರುಸೊತ್ತಿದ್ದರೆ ಗಿಡ್ಡ ಹಸು ನೋಡಲು ಹೋಗೋಣ, ಜೀಪು ತರುತ್ತೇನೆ.

ನಾಪೋಕ್ಲು ಹೆಣಿಗೆ · ಮಂಗಳವಾರ, ಬೆಳಗ್ಗೆ 11:00

ನೂಲಿನೆಳೆ ತಂಗೀ, ಕೊನೆಯದಾಗಿ ಕೇಳುತ್ತೇನೆ. 200 ಗ್ರಾಮಿನಲ್ಲಿ ಏನು ಹೆಣೆಯಲಿ? ಅವ್ವನಿಗೆ ಸ್ವೆಟರ್ ಅಂತ ಮನಸ್ಸಿತ್ತು.

ನೂಲಿನೆಳೆ · ಮಂಗಳವಾರ, ಮಧ್ಯಾಹ್ನ 12:20

ಸ್ವೆಟರಿಗೆ ಸಾಲದು ಅಕ್ಕಾ, ಸಾಕಾದರೂ ಬೇಡ ಅನ್ನುತ್ತಿದ್ದೆ. ಅಲ್ಪಾಕಕ್ಕೆ ಕುರಿ ಉಣ್ಣೆಯ ಪುಟಿತ ಇಲ್ಲ. ಹಾಕಿ ಹಾಕಿ ತನ್ನ ತೂಕಕ್ಕೆ ಜೋತು ಉದ್ದವಾಗುತ್ತದೆ, ಕೈಪಟ್ಟಿ ಸಡಿಲವಾಗುತ್ತದೆ. ಅದಕ್ಕೇ ಮಿಲ್ಲುಗಳು ಸ್ವೆಟರಿಗೆ ಕುರಿ ಉಣ್ಣೆ ಬೆರೆಸುವುದು. ಅವ್ವನಿಗೆ ಹೆಗಲು ಮುಚ್ಚುವ ಶಾಲು ಹೆಣೆಯಿರಿ, ಇಳಿಬೀಳುವುದೇ ಶಾಲಿಗೆ ಚೆಂದ. ನೀವು ಸಾಮಾನ್ಯವಾಗಿ ಹಿಡಿಯುವುದಕ್ಕಿಂತ ಒಂದು ನಂಬರ್ ಸಣ್ಣ ಕಡ್ಡಿ ಹಿಡಿಯಿರಿ. ಮೊದಲು ನಾಲ್ಕಿಂಚಿನ ಚೌಕ ಹೆಣೆದು, ತೊಳೆದು, ಒಣಗಿಸಿ, ಆಮೇಲೆ ಅಳೆಯಿರಿ. ತೊಳೆದ ಮೇಲೆ ಅದು ಹಿಗ್ಗುತ್ತದೆ.

ತೊಳೆಯುವುದು ಉಗುರುಬೆಚ್ಚಗಿನ ನೀರಿನಲ್ಲಿ, ತಲೆಗೆ ಹಾಕುವ ಶಾಂಪೂ ಒಂದು ಚಮಚ. ತಿಕ್ಕಬೇಡಿ, ಹಿಂಡಬೇಡಿ, ತಿಕ್ಕಿದರೆ ಇದೂ ಗಂಟುಕಟ್ಟುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ಚಾಪೆಯ ಮೇಲೆ ಹರಡಿ. ಹಗ್ಗಕ್ಕೆ ಹಾಕಿದರೆ ಉದ್ದಕ್ಕೆ ಎಳೆದುಹೋಗುತ್ತದೆ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕಂತೂ ಬೇಡ, ಹೊಗೆ ವಾಸನೆ ಬಿಡುವುದಿಲ್ಲ.

ನಾಪೋಕ್ಲು ಹೆಣಿಗೆ · ಗುರುವಾರ, ಸಂಜೆ 5:15

ಚೌಕ ಹೆಣೆದು ತೊಳೆದು ಒಣಗಿಸಿದೆ. ನಾಲ್ಕಿಂಚು ಹೆಣೆದದ್ದು ನಾಲ್ಕೂಕಾಲು ಬಂತು, ಆ ಲೆಕ್ಕಕ್ಕೆ ಹೊಲಿಗೆ ಕಡಿಮೆ ಮಾಡಿಕೊಂಡೆ. ಅವ್ವ ಆ ಚೌಕವನ್ನು ನನ್ನ ಕೈಯಿಂದ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಟ್ಟಿದ್ದಾರೆ, ವಾಪಸ್ ಕೊಡುತ್ತಿಲ್ಲ. ಕಾಲರಿನ ತೂತಿಗೆ ಒಳಮಡಿಕೆಯಿಂದ ತೆಗೆದ ಎಳೆಯಲ್ಲೇ ರಫೂ ಮಾಡಲು ವಿರಾಜಪೇಟೆಯಲ್ಲಿ ಒಬ್ಬರು ಒಪ್ಪಿದ್ದಾರೆ. ಶಾಲಿಗೆ ನಿನ್ನೆ ರಾತ್ರಿ ಮೊದಲ ಸಾಲು ಹಾಕಿದೆ. ಪುತ್ತರಿ ಹಬ್ಬಕ್ಕೆ ಇನ್ನೂ ಆರು ವಾರ ಇದೆ.